ಅವಲಪಲ್ಲಿಯ ಬಾವಿಗೆ ಹೇಳದ ಕನಸು

ಅವಲಪಲ್ಲಿಯಲ್ಲಿ ಕಣ್ಣು ಬಿಟ್ಟ ಮೊದಲನೆಯ ಬೆಳಿಗ್ಗೆ ನಾನು ಕಂಡದ್ದು, ನಮ್ಮ ಮನೆಯ ಒಡತಿ ಮುನಿಯಮ್ಮ ಅಂಗಳದ ಬಾವಿಯೊಳಗೆ ಅರ್ಧ ಮೈ ಬಗ್ಗಿಸಿ ಯಾರ ಜೊತೆಗೋ ಮಾತಾಡುತ್ತಿದ್ದುದನ್ನು. ಅಯ್ಯೋ ದೇವರೇ, ಹೆಂಗಸು ಬಾವಿಗೆ ಹಾರುತ್ತಿದ್ದಾಳೆ ಎಂದು ಓಡಿಹೋಗಿ, ಸೊಂಟ ತಬ್ಬಿ ಹಿಂದಕ್ಕೆಳೆದೆ. ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕೆಸರಿನಲ್ಲಿ ಧೊಪ್ಪೆಂದು ಕೂತೆವು.

"ಬುಡಮ್ಮೀ ನನ್ನ! ಕೆಟ್ಟ ಕನಸು ಬಿದ್ದಿತ್ತು, ನೀರಿಗೆ ಹೇಳ್ತಾ ಇವ್ನಿ. ಅರ್ಧಕ್ಕೇ ಎಳ್ದುಬುಟ್ಟಲ್ಲ, ಇನ್ನರ್ಧ ಎಲ್ಲಿಗೋಯ್ತದೆ ಈಗ?"

ಆ ವಠಾರದ ವಾಡಿಕೆಯೇ ಹಾಗೆ. ಕೆಟ್ಟ ಕನಸು ಬಿದ್ದವರು ಮುಖ ತೊಳೆಯುವ ಮೊದಲು ಅದನ್ನು ಬಾವಿಯ ನೀರಿಗೆ ಹೇಳಬೇಕು, ಪಕ್ಕಕ್ಕೆ ತಿರುಗಿ ಮೂರು ಸಲ ತೂ ಎನ್ನಬೇಕು, ಹಿಂದೆ ನೋಡದೆ ನಡೆದುಬಿಡಬೇಕು. ಕನಸು ಅಲ್ಲಿಗೆ ಹೋಯಿತು. ಧಾರವಾಡದ ಗೆಳತಿಯರೇ, ನಗಬೇಡಿ. ನಗುವುದನ್ನು ನಿಮ್ಮ ಪರವಾಗಿ ನಾನೇ ನಕ್ಕು, ಆಮೇಲೆ ಸಾಕಷ್ಟು ಅನುಭವಿಸಿದ್ದೇನೆ.

ಇದು ಎಂಬತ್ತರ ದಶಕದ ಆರಂಭದ ಮಾತು. ಅವಲಪಲ್ಲಿಯ ಪಕ್ಕದ, ತಮಿಳುನಾಡಿನ ಗಡಿಯ ಹೊಸೂರಿನ ಸುತ್ತ ಆಗ ಕಾರ್ಖಾನೆಗಳು ಏಳುತ್ತಿದ್ದವು. ಅವುಗಳಲ್ಲೊಂದರಲ್ಲಿ ನನ್ನ ಗಂಡನಿಗೆ ಸೂಪರ್‌ವೈಸರ್ ಕೆಲಸ ಸಿಕ್ಕಿತು. ನಾನು ಮನಶ್ಶಾಸ್ತ್ರದ ಬಿ.ಎ., ಒಂದು ಟ್ರಂಕು ಪುಸ್ತಕ ಮತ್ತು ಬೇಕಾದಷ್ಟು ಅಹಂಕಾರ ಹೊತ್ತುಕೊಂಡು ಹಿಂದೆ ಬಂದೆ. ಊರು ನನ್ನ ಅಹಂಕಾರವನ್ನು ವಾರದೊಳಗೆ ಇಳಿಸಿತು. ಬಸ್ಸಿನ ಬೋರ್ಡು ತಮಿಳಿನಲ್ಲಿ, ಕಂಡಕ್ಟರನ ಮಾತು ತೆಲುಗಿನಲ್ಲಿ, ಕಾಲು ತುಳಿಸಿಕೊಂಡವಳ ಬೈಗುಳ ಕನ್ನಡದಲ್ಲಿ. ಆ ಕನ್ನಡವೂ ನಮ್ಮದಲ್ಲ. ನಾನು "ಬರ್ತೇನ್ರೀ" ಅಂದರೆ ಅಂಗಡಿಯವನು "ಯಾವೂರಮ್ಮಾ ನಿಮ್ದು, ಬೊಂಬಾಯಾ?" ಎಂದು ಕೇಳಿದ. ನಮ್ಮಲ್ಲಿ ಜೋಳದ ರೊಟ್ಟಿಯನ್ನು ಹಲ್ಲು ಗಟ್ಟಿ ಮಾಡಿಕೊಂಡು ಅಗಿಯುತ್ತೇವೆ. ಇಲ್ಲಿ ರಾಗಿಮುದ್ದೆಗೆ ಹಲ್ಲು ತಾಗಿಸುವಂತಿಲ್ಲ. ಮೊದಲ ದಿನ ನಾನು ಮುದ್ದೆ ಅಗಿಯುವುದನ್ನು ನೋಡಲು ಮುನಿಯಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದಳು.

ಇವೆಲ್ಲ ಸಹಿಸಬಹುದಿತ್ತು. ಸಹಿಸಲಾಗದೆ ಇದ್ದದ್ದು ಒಂದೇ, ಧಾರವಾಡದಿಂದ ಅಕ್ಕನ ಕಾಗದ ಬರುತ್ತಿರಲಿಲ್ಲ.

ತಾಯಿ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಅವಳು ಶಾಲೆ ಬಿಟ್ಟು ಒಲೆಯ ಮುಂದೆ ಕೂತದ್ದರಿಂದ ನಾನು ಬಿ.ಎ. ತನಕ ಓದಿದೆ. ಹೊರಡುವ ದಿನ ಅವಳು ಟ್ರಂಕಿನಿಂದ ಎರಡು ಪುಸ್ತಕ ತೆಗೆದು, ಆ ಜಾಗದಲ್ಲಿ ರೊಟ್ಟಿಯ ಹಂಚು ಇಟ್ಟಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿನ್ನಂಗ ಒಲಿ ಕಾಯಲಿಕ್ಕೆ ಹುಟ್ಟಿಲ್ಲ ನಾ" ಅಂದುಬಿಟ್ಟೆ. ಅಕ್ಕ ಹಂಚು ತೆಗೆದಳು, ಪುಸ್ತಕ ಒಳಗಿಟ್ಟಳು. ಅವಳೇ ಮೊದಲು ಬರೆಯಲಿ ಎಂದು ನಾನು ಹತ್ತು ತಿಂಗಳು ಕಾದೆ. ತಪ್ಪು ನನ್ನದೇ ಎಂದು ಗೊತ್ತಿತ್ತು. ಗೊತ್ತಿದ್ದೂ ಬರೆಯಲಿಲ್ಲ, ಅಷ್ಟು ಸೊಕ್ಕು.

ಹೊತ್ತು ಹೋಗದ್ದಕ್ಕೆ ಪುಸ್ತಕ ಬಿಚ್ಚಿದೆ. ಮನಸ್ಸಿನ ತಳದಲ್ಲಿ ನಮಗೇ ತಿಳಿಯದ ಇನ್ನೊಂದು ಮನಸ್ಸಿದೆ, ಅದು ಕನಸಿನ ವೇಷ ಹಾಕಿ ಮಾತಾಡುತ್ತದೆ, ಆ ಮಾತನ್ನು ಕೇಳಿಸಿಕೊಂಡವರು ಒಳಗಿನಿಂದ ಬೆಳೆಯುತ್ತಾರೆ ಎಂದಿತ್ತು ಅದರಲ್ಲಿ. ಕನಸಿಗೊಂದು ನೋಟ್‌ಬುಕ್ ಇಡಿ ಎಂದೂ ಇತ್ತು. ಇಟ್ಟೆ. ಮುನಿಯಮ್ಮನಿಗೆ ಈ ಒಳಮನಸ್ಸಿನ ವಿಷಯವನ್ನು ಭಾಷಣದಂತೆ ವಿವರಿಸಿದೆ.

"ಬಾವಿ ತಳದಾಗೆ ನೀರುಕ್ಕೋ ಊಟೆ ಇರ್ತದಲ್ಲ, ಅಂಗೆ" ಅಂದಳು ಅವಳು, ಸೊಪ್ಪು ಸೋಸುತ್ತಾ. ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದು ಅಷ್ಟರಲ್ಲಿ ಮುಗಿದುಹೋದದ್ದು ನನಗೆ ಹಿಡಿಸಲಿಲ್ಲ.

ಕನಸಿನ ಅರ್ಥ ಹೇಳಲು ಮೊದಲು ಸಿಕ್ಕಿದವಳು ಪಕ್ಕದ ಮನೆಯ ಸೆಲ್ವಿ. ತಮಿಳರ ಹುಡುಗಿ, ಹೊಸದಾಗಿ ಮದುವೆಯಾದವಳು. "ಅಕ್ಕಾ, ನಂಗೊಂದು ಕನವು ಬಂತು" ಅಂದಳು. ತಮಿಳಿನಲ್ಲಿ ಕನವು ಅಂದರೆ ಕನಸು. "ನಮ್ಮತ್ತೆ ಹುಣಸೇಮರ ಹತ್ತವ್ರೆ. ಇಳಿಯಕ್ಕೆ ಆಗ್ತಾ ಇಲ್ಲ. ಏಣಿ ನಾನೇ ಬಚ್ಚಿಟ್ಟಿದೀನಿ."

ನಾನು ಪೆನ್ನು ಹಿಡಿದು ಗಂಭೀರವಾಗಿ, "ನೋಡು ಸೆಲ್ವಿ, ನಾವು ಒಪ್ಪಿಕೊಳ್ಳದ ಗುಣಗಳೆಲ್ಲ ಒಳಗೆ ಒಂದು ನೆರಳಾಗಿ..." ಎಂದು ತಲೆ ಎತ್ತುವಷ್ಟರಲ್ಲಿ ಅವಳು ನನ್ನ ಹೊಸ್ತಿಲ ಪಕ್ಕ ಮೂರು ಸಲ ತೂ ಎಂದು, ಹಿಂದೆ ನೋಡದೆ ಹೊರಟುಹೋಗಿದ್ದಳು. ಎದೆ ಹಗುರಾಯಿತೆಂದು ವಠಾರಕ್ಕೆಲ್ಲ ಹೇಳಿದಳಂತೆ.

ಮರುದಿನದಿಂದ ಶುರುವಾಯಿತು ನೋಡಿ. ಮುಖ ತೊಳೆಯದ ಹೆಂಗಸರು, ಕೆದರಿದ ತಲೆಯಲ್ಲಿ, ನನ್ನ ಬಾಗಿಲ ಮುಂದೆ ಸಾಲು! "ಬಾವಿಗೆ ಬಗ್ಗುದ್ರೆ ಸೊಂಟ ನೋಯ್ತದೆ. ವನಜಮ್ಮನತ್ರ ಆದ್ರೆ ಕುಂತ್ಕಂಡೇ ಹೇಳ್ಬೋದು" ಎಂದು ನನ್ನ ಹೆಸರು ಹಿಡಿದು ಅವರವರಲ್ಲೇ ಮಾತು. ಹಲ್ಲು ಉದುರಿದ ಕನಸು, ಹಾವಿನ ಕನಸು, ಸತ್ತ ಮಾವ ಕಾಫಿ ಕೇಳಿದ ಕನಸು. ಅರ್ಥ ಹೇಳೋಣವೆಂದರೆ ಒಬ್ಬಳಾದರೂ ನಿಲ್ಲಬೇಕಲ್ಲ! ತಿರುಗಿ ನೋಡಿದರೆ ಕನಸು ವಾಪಸು ಬಂದೀತೆಂಬ ಭಯ. ನಾನು ಬೆನ್ನುಗಳಿಗೆ ಉಪನ್ಯಾಸ ಕೊಟ್ಟು, ಬಕೆಟ್ಟು ನೀರು ತಂದು ಹೊಸ್ತಿಲು ತೊಳೆಯುತ್ತಿದ್ದೆ.

ನನ್ನ ಗಂಡ ರಾತ್ರಿಪಾಳಿ ಮುಗಿಸಿ ಬಂದವರು ಈ ಸಾಲು ನೋಡಿ, "ನಮ್ಮ ಫ್ಯಾಕ್ಟರಿಯೊಳಗ ಕೆಟ್ಟ ಮಾಲ್ ಕಸದಂಗ ಒಗಿಲಿಕ್ಕೆ ಒಂದು ಮೂಲಿ ಅದ. ಈ ಓಣಿಗೆ ಆ ಮೂಲಿ ನೀ ಆದಿ" ಅಂದರು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಅಷ್ಟರಲ್ಲಿ ನನಗೇ ಒಂದು ಕನಸು ಬೀಳತೊಡಗಿತು. ವಾರಕ್ಕೆರಡು ಸಲ, ಅದೇ ಕನಸು. ನಮ್ಮ ಅಡುಗೆಮನೆಯಲ್ಲಿ ಒಂದು ಆನೆ ಕೂತಿದೆ. ನನ್ನ ಕಡೆಗೆ ಬೆನ್ನು. ಮುಂಗಾಲಿನಿಂದ ಪಟಪಟ ಜೋಳದ ರೊಟ್ಟಿ ತಟ್ಟುತ್ತಿದೆ. ಸೊಂಡಿಲಿನ ಬುಡದಲ್ಲಿ ಒಂದು ಹರಳು ಉದುರಿದ ಮೂಗುಬೊಟ್ಟು. ನಾನು ಕರೆದರೆ ತಿರುಗುವುದಿಲ್ಲ. ಎದ್ದಾಗ ದಿಂಬು ಒದ್ದೆಯಾಗಿರುತ್ತಿತ್ತು.

ಪುಸ್ತಕ ಹಿಡಿದು ಆರು ಪುಟ ಬರೆದೆ. ಆನೆಯೆಂದರೆ ಮನುಕುಲದ ಪುರಾತನ ನೆನಪು, ಆದಿಮಾತೆ, ಭೂಮಿಯ ಶಕ್ತಿ. ರೊಟ್ಟಿಯ ದುಂಡು ಆತ್ಮದ ಪೂರ್ಣತೆ. ಬರೆದು ಬಹಳ ಬೆಳೆದೆನೆಂದು ಅನಿಸಿತು. ಕನಸು ಮಾತ್ರ ಮತ್ತೆ ಬಂತು. ಕೊನೆಗೊಂದು ಬೆಳಿಗ್ಗೆ ಸೋತು, ನಾಚಿಕೆ ಬಿಟ್ಟು, ಮುಖ ತೊಳೆಯದೆ ಬಾವಿಯ ಕಡೆ ಹೊರಟೆ. ಮುನಿಯಮ್ಮ ಅಲ್ಲೇ ನೀರು ಸೇದುತ್ತಿದ್ದಳು.

"ಏನು ಕನಸಮ್ಮೀ?"

"ಆನೆ."

ಅವಳ ತವರು ಆನೆ ಕಾಡಿನ ಅಂಚಿನ ಜವಳಗಿರಿ. ಹಗ್ಗ ಅಲ್ಲೇ ನಿಂತಿತು. "ಎಷ್ಟು ತಿಂತು?"

"ತಿನ್ನಲಿಲ್ಲ ಮುನಿಯಮ್ಮ. ರೊಟ್ಟಿ ತಟ್ಟುತ್ತಿತ್ತು."

"ನಮ್ಮೂರ ಕಾಡಾಗೆ ರಾಗಿ ಹೊಲ ತುಳ್ಯೋ ಆನೆ ನೋಡಿವ್ನಿ, ಹಲಸು ತಿನ್ನೋ ಆನೆ ನೋಡಿವ್ನಿ. ರೊಟ್ಟಿ ತಟ್ಟೋದು ನೋಡಿಲ್ಲ ಕಣಮ್ಮೀ. ಆಮೇಕೆ?"

ಆದಿಮಾತೆಯಿಂದ ಹಿಡಿದು ಆತ್ಮದ ಪೂರ್ಣತೆಯವರೆಗೆ ಎಲ್ಲ ಹೇಳಿ, ಕೊನೆಯಲ್ಲಿ ಮೂಗುಬೊಟ್ಟಿನ ವಿಷಯ ಹೇಳಿದೆ. ಮುನಿಯಮ್ಮ ಕೊಡ ಕೆಳಗಿಟ್ಟಳು.

"ಮೂಗುಬೊಟ್ಟು ಯಾರ್ದು?"

"ನಮ್ಮ ಅಕ್ಕಂದು. ಅವ್ವಂದು ಅವಳಿಗೆ ಬಂದದ್ದು, ಒಂದು ಹರಳು..." ಅಂದೆ.

"ಅಂಗಾರೆ ಬಂದಿರೋಳು ನಿಮ್ಮಕ್ಕ! ಇದುಕ್ಕೆ ಆರು ಪುಟ ಯಾಕಮ್ಮೀ ಬರ್ದೆ?"

ನನಗೆ ನಗು ಬಂತು. ನಗುತ್ತಿದ್ದಂತೆಯೇ ಅಳು ಬಂತು. ಹಂಚು, ಟ್ರಂಕು, ನಾನಾಡಿದ ಮಾತು ಎಲ್ಲವನ್ನೂ ಹೇಳಿಕೊಂಡೆ. ಆಮೇಲೆ ಕಣ್ಣೊರೆಸಿಕೊಂಡು ಬಾವಿಯ ಕಟ್ಟೆಗೆ ಕೈಯೂರಿ ಬಗ್ಗಿದೆ. ಇನ್ನೇನು ಬಾಯಿ ತೆರೆಯಬೇಕು, ಯಾರೋ ನನ್ನ ಸೊಂಟ ತಬ್ಬಿ ಹಿಂದಕ್ಕೆಳೆದರು. ಮುನಿಯಮ್ಮ! ಮತ್ತೆ ಇಬ್ಬರೂ ಅದೇ ಕೆಸರಿನಲ್ಲಿ.

"ನೀರಿಗೆ ಹೇಳ್ಬುಟ್ರೆ ಹೊಂಟೋಯ್ತದೆ ಕಣಮ್ಮೀ! ನಿಮ್ಮಕ್ಕ ಹೊಂಟೋಗ್ಬೇಕಾ ನಿಂಗೆ?"

ಬೇಡ ಎಂದು ತಲೆಯಾಡಿಸಿದೆ. ಅವತ್ತೇ ಇನ್‌ಲ್ಯಾಂಡ್ ಪತ್ರ ತಂದು ಬರೆದೆ. ಆನೆಯನ್ನೂ ಬಿಡಲಿಲ್ಲ.

ಎಂಟನೆಯ ದಿನ ಉತ್ತರ ಬಂತು. "ನಾ ಆನಿ ಏನ? ದಪ್ಪ ಆಗೇನಿ ಖರೆ, ಅಷ್ಟಲ್ಲ. ನೀ ಬರೀಲಿ ಅಂತ ನಾ ಕೂತಿದ್ದೆ, ನೀನೂ ಹಂಗ ಕೂತಿದ್ದಿ, ಇಬ್ಬರೂ ಹುಚ್ಚರು. ಹಂಚು ತಗೊಂಡು ಬರ್ತೇನಿ."

ಬಂದಳು. ಹಂಚನ್ನು ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಎದೆಗವಚಿಕೊಂಡೇ ಬಸ್ಸಿಳಿದಳು. ಅವಳ ಕಾಲಿಗೆ ಬಿದ್ದೆ. "ಏಳು ಏಳು, ಮಂದಿ ನೋಡ್ತಾರ" ಎಂದು ಬೈದಳು, ಅಳುತ್ತಾ. ಹದಿನೈದು ದಿನ ಇದ್ದು ವಠಾರಕ್ಕೆಲ್ಲ ರೊಟ್ಟಿ ತಿನ್ನಿಸಿದಳು. ಮುನಿಯಮ್ಮ ರೊಟ್ಟಿಯನ್ನು ಮುದ್ದೆಯಂತೆ ನುಂಗಲು ಹೋಗಿ ಬಿಕ್ಕಳಿಸಿದಾಗ, ನಾನು ಅಕ್ಕಪಕ್ಕದವರನ್ನೆಲ್ಲ ಕರೆದೆ. ಹೊರಡುವ ದಿನ ಅಕ್ಕ "ಬಿಡುವು ಮಾಡಿಕೊಂಡು ಮನಿಗೆ ಬಾ" ಎಂದಳು. "ಬತ್ತೀನಿ ಕಣಕ್ಕ" ಎಂದೆ. ಅವಳು ಬಸ್ಸಿನ ಕಿಟಕಿಯಿಂದ ನನ್ನನ್ನೇ ನೋಡಿದಳು. "ಹೋತು, ನನ್ನ ತಂಗಿ ಇಲ್ಲಿಯಾಕೀನೇ ಆದ್ಲು" ಎಂದು ನಕ್ಕಳು. ಮತ್ತೆ ಆನೆ ಬರಲಿಲ್ಲ.

ಆ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದೆ. ಮೊದಲ ರಾತ್ರಿಯೇ ಕನಸು ಬಿತ್ತು. ಅವಲಪಲ್ಲಿಯ ಬಾವಿ, ಕಟ್ಟೆಯ ಮೇಲೆ ಮುನಿಯಮ್ಮ. "ಏನಮ್ಮೀ, ಯಾವಾಗ ಬತ್ತೀಯಾ?" ಎಂದು ಕೇಳುತ್ತಿದ್ದಾಳೆ. ಬೆಳಿಗ್ಗೆ ಎದ್ದವಳು ಅವಲಪಲ್ಲಿಯ ವಾಡಿಕೆಯಂತೆ ಮುಖ ತೊಳೆಯದೆ ಬಾವಿ ಹುಡುಕಿ ಹಿತ್ತಲಿಗೆ ಹೋದೆ. ನಮ್ಮ ಮನೆಯಲ್ಲಿ ಬಾವಿ ಎಲ್ಲಿದೆ? ನಲ್ಲಿ ಇದೆ. ಅವತ್ತು ಅದರಲ್ಲಿ ನೀರು ಬರುವ ದಿನವೂ ಅಲ್ಲ.

ಅಕ್ಕ ಒಳಗಿನಿಂದ ಕೂಗಿದಳು. "ಕನಸು ಬಿತ್ತೇನ? ನೀರಿಲ್ಲದಿದ್ರ ನನ್ನ ಮುಂದ ಹೇಳು."

ಹೇಳಿಬಿಟ್ಟರೆ ಮುನಿಯಮ್ಮನೂ ಹೊರಟುಹೋಗುತ್ತಾಳಲ್ಲ ಎಂದು ಹೆದರಿದೆ. "ಏನಿಲ್ಲಕ್ಕ" ಎಂದು, ಕೊಡದಲ್ಲಿ ಉಳಿದಿದ್ದ ನೀರಿನಿಂದ ಮುಖ ತೊಳೆದುಕೊಂಡೆ.