ಇಂಗ್ಲಿಷ್ ತಾಸಿನಲ್ಲಿ ನಿಂತದ್ದು

ದಾರಿಯಲ್ಲಿ ಎಮ್ಮೆ ಹಾಯಬಹುದಿತ್ತು. ಹಾಯದಿದ್ದರೆ ಮೊದಲ ಸಲ ಉಟ್ಟ ಸೀರೆಯ ನೆರಿಗೆ ಕಾಲಿಗೆ ಸಿಕ್ಕು ನಾನೇ ಬೀಳಬಹುದಿತ್ತು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಇಲ್ಲದಿರಬಹುದಿತ್ತು. ಇದ್ದರೂ ಮಾಸ್ತರರು ತಪ್ಪಾಗಿ ಓದಿ, ಅದು ಬೇರೆ ಯಾರೋ ಎಂದು ನಾನು ಸುಮ್ಮನಿದ್ದು, ಎದುರಿಗೇ ಕುಳಿತು ಗೈರುಹಾಜರಾಗಬಹುದಿತ್ತು. ನಡುವೆ ಒಂದಕ್ಕೆ ಹೋಗಬೇಕೆನಿಸಿದರೆ ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ? ಗಂಡುಹುಡುಗರು ನಗಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮೂಡಲಗಿಯಲ್ಲಿ ನಾನು ಕಲಿತದ್ದು ಇಂಗ್ಲಿಷೇ ಅಲ್ಲವೆಂದು ಗೋಕಾಕಿನಲ್ಲಿ ಗೊತ್ತಾಗಬಹುದಿತ್ತು.

ನನ್ನ ಸ್ವಭಾವವೇ ಹಾಗೆ. ಈಗಲೂ ಟಪಾಲಿನವನು ಬಾಗಿಲಿಗೆ ಬಂದರೆ, ಪತ್ರ ಒಡೆಯುವಷ್ಟರಲ್ಲಿ ಯಾರು ಸತ್ತಿರಬಹುದೆಂದು ಯೋಚಿಸಿ, ಅತ್ತು, ಸಮಾಧಾನವನ್ನೂ ಮಾಡಿಕೊಂಡಿರುತ್ತೇನೆ. ಆದರೆ ಹೈಸ್ಕೂಲಿನ ಆ ಮೊದಲ ದಿನ ಹೆದರುವುದಕ್ಕೆ ಕಾರಣವೂ ಇತ್ತು.

ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕೈದು ವರ್ಷ ಬಾಕಿಯಿದ್ದ ಕಾಲ. ನಮ್ಮೂರ ಮಾಸ್ತರರೊಬ್ಬರು ಮನೆಗೆ ಬಂದು ಮೂರು ಇಯತ್ತೆಯ ಇಂಗ್ಲಿಷ್ ಕಲಿಸಿದ್ದರು. ಮುಂದೆ ಓದಬೇಕೆಂದರೆ ಗೋಕಾಕಿನ ಹೈಸ್ಕೂಲೇ ಗತಿ. ಅಪ್ಪ ನನ್ನನ್ನು ಅಲ್ಲಿಯ ದೊಡ್ಡಪ್ಪನ ಮನೆಯಲ್ಲಿ ಬಿಟ್ಟರು. ದೊಡ್ಡಪ್ಪನಿಗೆ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುವುದು ಮನಸ್ಸಿಗೆ ಬಂದಿರಲಿಲ್ಲ. ತಮ್ಮನ ಮಾತು ಮೀರಲಾರದೆ ಒಪ್ಪಿದ್ದರು. ಅಪ್ಪ ಊರಿಗೆ ಹೊರಟ ಮೇಲೆ ನನ್ನನ್ನು ಕರೆದು ಹೇಳಿದರು:

"ನೋಡವಾ, ಸಾಲಿಂದ ನಿನ್ನ ಮ್ಯಾಲ ಒಂದ ತಕರಾರು ಬರ್ಲಿ. ಅವತ್ತಿಗೆ ಸಾಲಿ ಬಸ್, ಮುಗೀತು. ಮರದಿವ್ಸ ಮೂಡಲಗಿ."

ಒಂದೇ ಒಂದು. ಎರಡನೆಯದಕ್ಕೆ ಅವಕಾಶವಿರಲಿಲ್ಲ.

ಎಮ್ಮೆ ಹಾಯಲಿಲ್ಲ. ಹೆಸರೂ ಇತ್ತು. ನಲವತ್ತು ಹುಡುಗರ ವರ್ಗದಲ್ಲಿ ಗೋಡೆಯ ಬದಿಗೆ ಹುಡುಗಿಯರು ಕೂಡುವ ಬಾಕು ಒಂದು. ಅದರಲ್ಲಿ ಹುಕ್ಕೇರಿಯಿಂದ ಬಂದವಳೊಬ್ಬಳು, ಅವಳ ಪಕ್ಕ ನಾನು. ಇಂಗ್ಲಿಷ್ ಮಾಸ್ತರರು ಪುಣೆ ಕಡೆಯವರು, ಕರೀ ಟೊಪ್ಪಿಗೆಯವರು. ಹುಡುಗಿಯರ ಕಡೆ ನೋಡಬಾರದೆಂದು ಅವರೇ ನೇಮ ಮಾಡಿಕೊಂಡಿದ್ದರಂತೆ. ಕಿಟಕಿಯತ್ತ ಮುಖ ಮಾಡಿಯೇ ಹೇಳಿದರು: "ಹೊಸಾ ಹುಡುಗಿ, ಓದು."

ಎದ್ದು ನಿಂತೆ. ಪಾಠದಲ್ಲಿ ಒಂದು ನರಿಯಿತ್ತು, ಅಷ್ಟು ನೆನಪಿದೆ. ಐದಾರು ಸಾಲು ಓದಿರಬೇಕು.

"ಬಸ್," ಎಂದರು ಮಾಸ್ತರರು.

ಸಾಕು ಎಂದರಲ್ಲ! ಓದು ಅಷ್ಟು ಕೆಟ್ಟದಾಗಿತ್ತೇ? ಬಾಯಿ ಮುಚ್ಚಿದೆ. ಇನ್ನು ಕೂಡಲು ಹೇಳುತ್ತಾರೆಂದು ಕಾಯ್ದೆ. ಅವರು ಹೇಳಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಉಳಿದ ಪಾಠವನ್ನು ತಾವೇ ಓದತೊಡಗಿದರು. ಹಾಗಾದರೆ ಇದು ಶಿಕ್ಷೆ. ಶಿಕ್ಷೆಯೆಂದರೆ ತಕರಾರು. ತಕರಾರೆಂದರೆ ಮೂಡಲಗಿ.

ಹುಕ್ಕೇರಿಯವಳು ನನ್ನ ಸೆರಗು ಜಗ್ಗಿದಳು. "ಏ ಹೊಸಾಕಿ, ಕುಂದ್ರ."

"ಅವರು ಹೇಳಿಲ್ಲಲ್ಲ," ಎಂದು ಪಿಸುಗುಟ್ಟಿದೆ.

"ಹೇಳ್ಯಾರ, ಕುಂದ್ರ ಅಂದ್ರ! ಕಂಬ ನಿಂತಂಗ ನಿಂತಾಳ ನೋಡ."

ನನ್ನನ್ನು ಸಿಕ್ಕಿಸಿಹಾಕುವ ಸಂಚಿದು ಎಂದುಕೊಂಡೆ. ಕಾಲು ಜೋಮು ಹಿಡಿದವು. ನೆರಿಗೆ ಒಂದೊಂದಾಗಿ ಜಾರುತ್ತಿರುವಂತೆ ಅನಿಸಿ ಎಡಗೈಯಲ್ಲಿ ಸೊಂಟ ಹಿಡಿದುಕೊಂಡೆ, ಬಲಗೈಯಲ್ಲಿ ಪುಸ್ತಕ. ಹಿಂದಿನ ಸಾಲುಗಳಲ್ಲಿ ಕಿಸಿಕಿಸಿ ಶುರುವಾಯಿತು. ತಾಸು ಮುಗಿದ ಗಂಟೆ ಬಾರಿಸಿದಾಗ ಮಾಸ್ತರರು ಪುಸ್ತಕ ಮುಚ್ಚಿ, ನಗೆ ಎಲ್ಲಿಂದ ಬಂತೆಂದು ತಿರುಗಿ, ತಮ್ಮ ನೇಮ ಮುರಿದು ನನ್ನನ್ನು ನೋಡಿದರು.

"ಯಾಕ ನಿಂತೀ?"

"ನೀವು ಕುಂದ್ರು ಅನ್ಲಿಲ್ರಿ. ಬಸ್ ಅಂದ್ರಿ."

"ಹೌದು, ಬಸ್ ಅಂದೆ!"

"ಅದಕ್ಕ ಓದೂದು ಬಂದ್ ಮಾಡೀನ್ರಿ."

ವರ್ಗವೆಲ್ಲ ಗೊಳ್ಳೆಂದಿತು. ಹುಕ್ಕೇರಿಯವಳು ಬಾಕಿನ ಮೇಲೆ ತಲೆಯಿಟ್ಟು ನಕ್ಕಳು. "ಯವ್ವಾ, ಮರಾಠಿಯೊಳಗ ಬಸ್ ಅಂದ್ರ ಕುಂದ್ರು ಅಂತ!" ಮಾಸ್ತರರು ಟೊಪ್ಪಿಗೆ ಸರಿಮಾಡಿಕೊಂಡು, ನಗುವುದೋ ಬೈಯುವುದೋ ತಿಳಿಯದೆ ಹೊರಗೆ ಹೋಗಿಬಿಟ್ಟರು.

ಸಂಜೆ ದೊಡ್ಡಪ್ಪ ಪಡಸಾಲೆಯಲ್ಲಿ ಕುಳಿತು ಕೇಳಿದರು. "ಏನವಾ, ಏನರ ತಪ್ಪಾತೇನು?"

ಊರೆಲ್ಲ ನಕ್ಕು ಅವರ ಕಿವಿಗೆ ಮುಟ್ಟುವ ಮೊದಲು ನಾನೇ ಹೇಳುವುದು ಲೇಸೆಂದು ಒಂದೇ ಉಸಿರಿಗೆ ಹೇಳಿದೆ. ದೊಡ್ಡಪ್ಪ ಬೆಲ್ಲದ ವ್ಯಾಪಾರಕ್ಕೆ ಕೊಲ್ಲಾಪುರಕ್ಕೆ ಹೋಗಿಬರುವವರು, ಮರಾಠಿ ಬಲ್ಲವರು.

"ತಾಸ ಮುಗಿಯೂತನಕಾ ನಿಂತಿದ್ದಿ?"

"ಹೂನ್ರಿ."

ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಭುಜ ನಡುಗುತ್ತಿತ್ತು. ಸಿಟ್ಟಿನಿಂದಲೇ ಎಂದುಕೊಂಡು ನಾನು ಮನಸ್ಸಿನಲ್ಲಿ ಗಂಟುಮೂಟೆ ಕಟ್ಟತೊಡಗಿದೆ.

"ಏ, ಬಾ ಇಲ್ಲೆ," ಎಂದು ದೊಡ್ಡವ್ವನನ್ನು ಕೂಗಿದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಮಾಸ್ತರ ಕುಂದ್ರು ಅಂದ್ರ ಈಕಿ ಬಾಯಿ ಮುಚ್ಕೊಂಡ ನಿಂತಾಳಂತ! ಇಷ್ಟ ಮಾತ ಕೇಳೂ ಹುಡುಗಿ ಮ್ಯಾಲ ಯಾವ ತಕರಾರು ಬರ್ತೈತಿ? ನಾಳಿ ಹೋಗೂ ಮುಂದ ಎರಡ ಮಾತ ಮರಾಠಿ ಕಲ್ಸಿ ಕಳಸ್ತೇನಿ."

ದೊಡ್ಡವ್ವ ಬಟ್ಟಲಲ್ಲಿ ಎಣ್ಣೆ ತಂದು ನನ್ನ ಬಳಿ ಕುಳಿತಳು. ದೊಡ್ಡಪ್ಪ ನಾಳೆ ಶಾಲೆಗೆ ಎಂದದ್ದು ಹೌದೇ, ಎಂದು ಅವಳನ್ನು ಎರಡು ಸಲ ಕೇಳಿದೆ.

"ನಾಳೇನ ಅಂದಾರವಾ. ಕಾಲ ಚಾಚ," ಎಂದಳು. ಮೀನಖಂಡ ಎರಡೂ ಕಲ್ಲಾಗಿದ್ದವು.