ತೂತಿನ ಎಲೆಯ ಪರೀಕ್ಷೆ

ನಾನು ಹುಟ್ಟಿದ ಮೂರನೇ ದಿನಕ್ಕೇ ತೊಟ್ಟಿಲಲ್ಲಿ ಮಲಗಿ ಪೇಪರ್ ಓದಿದವನು. ಅಂಥ ನನಗೇ, ಹಿಮಾಯತ್‌ನಗರದ ಕಂಪ್ಯೂಟರ್ ಕ್ಲಾಸಿನ ಟೈ ಕಟ್ಟಿದ ಸರ್ ಮಕ್ಕಳಿಗೆ ಓದು ಕಲಿಸುವುದು ಹೇಗೆಂದು ಭಾಷಣ ಬಿಗಿದರು. ನಾನೇ ಅಲ್ಲಿಗೆ ಸೇರಿಸಿದ್ದ ತಂಗಿಯ ಮಗಳು ಇಡೀ ಪುಸ್ತಕವನ್ನು ಗಡಗಡನೆ ಒಪ್ಪಿಸಿದಳು. ಮಕ್ಕಳ ಕಿವಿಗೆ ಪಾಠ ಊದುವ ಹೆಡ್‌ಫೋನುಗಳ ಪ್ಲಾಸ್ಟಿಕ್ ವಾಸನೆಗೆ ಹೇಸಿ, ನನಗೆ ಊರ ಶಾಲೆಯ ಸಗಣಿ ಸಾರಿಸಿದ ನೆಲ ನೆನಪಾಯಿತು.

ಅಲ್ಲಿ ನಾವೂ ಪಾಠ ಬಾಯಿಪಾಠ ಮಾಡಿ, ಪುಸ್ತಕ ತಲೆಕೆಳಗೆ ಹಿಡಿದು ಓದಿದಂತೆ ನಟಿಸುತ್ತಿದ್ದೆವು. ಮಾಸ್ತರರು ನಶ್ಯ ಏರಿಸಿ, ಮುತ್ತುಗದ ಎಲೆಗೆ ತೂತು ಮಾಡಿ ಪುಟದ ಮೇಲಿಡುತ್ತಿದ್ದರು. ತೂತಿನಲ್ಲಿ ಒಂದೇ ಅಕ್ಷರ ಕಾಣುತ್ತಿತ್ತು.

"ಇದೇನೈತಿ ಹೇಳಲೇ, ಗಿಳಿರಾಯ!"

ಬೆವರಿ ಬೆವರಿಯೇ ನನಗೆ ಓದಲು ಬಂತು.

ಈಗ ನಾನು ಕಂಪ್ಯೂಟರ್ ಕ್ಲಾಸಿನ ಬಣ್ಣದ ಪಾಂಪ್ಲೆಟಿಗೆ ತೂತು ಮಾಡಿ ಮಗುವಿನ ಪುಸ್ತಕದ ಮೇಲಿಟ್ಟೆ. ಅವಳು ಬಹಳ ಹೊತ್ತು ನೋಡಿದಳು.

"ಮಾಮಾ, ಹೆಡ್‌ಫೋನ್ ಮೊದಲ ಹೇಳಿದ್ರ ನಾ ಹೇಳ್ತೀನಿ."

ಸರ್ ಟೈ ಸರಿಮಾಡಿಕೊಂಡರು, ಅದೊಂದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಫೀಸು ಎರಡು ಸಾವಿರವೆಂದು ತಂಗಿಗೆ ಹೇಳಿದ್ದೆ. ನಾನು ಕೈಯಿಂದ ಕಟ್ಟಿದ್ದು ಹದಿನಾಲ್ಕು ಸಾವಿರದ ಐನೂರು.