ಸೇತುವೆ ನಡುವೆ ಎತ್ತು ಬಿಚ್ಚಿದ್ದು

ಗೆಳೆಯರೇ, ಇವತ್ತು ಬೆಳಿಗ್ಗೆ ಸಾಲಿಗ್ರಾಮದ ಹತ್ತಿರ ನಾಲೆ ಸೇತುವೆಯ ನಡುವೆಯೇ ಗಾಡಿಯ ಎತ್ತು ಬಿಚ್ಚಿಬಿಟ್ಟೆ.

ಅದು ಒಂದೇ ಗಾಡಿ ಹಿಡಿಸುವ ಸೇತುವೆ. ಹುಲ್ಲು ಹೇರಿದ ನನ್ನ ಗಾಡಿ ಮುಕ್ಕಾಲು ದಾಟಿತ್ತು. ಕಂಡೂ ಕಂಡೂ ಎದುರಿನಿಂದ ಬಿಳಿ ಕಾರೊಂದು ನುಗ್ಗಿ, ಎತ್ತುಗಳ ಮೂತಿಗೇ ಬಂದು ನಿಂತಿತು. ಹಾರ್ನೋ ಹಾರ್ನು.

"ಗಾಡಿ ಹಿಂದಕ್ಕೆ ತಗೊಳ್ರೀ, ನಂಗೆ ಅರ್ಜೆಂಟಿದೆ."

"ಹುಲ್ಲು ಹೇರಿರೋ ಗಾಡೀನ ಎತ್ತು ಎಂಗೆ ಸ್ವಾಮಿ ಹಿಂದಕ್ಕೆ ತಳ್ತವೆ? ನೀವೇ ಒಸಿ ರಿವರ್ಸ್ ತಗೊಳ್ಳಿ."

"ನಾನ್ಯಾಕ್ರೀ ತಗೊಳ್ಳಲಿ?"

ನಮ್ಮ ಕಡೆ ಎತ್ತು ಬಿಚ್ಚಿದರೆ ಗಾಡಿ ಇನ್ನು ಅಲ್ಲೇ ಬಿಡಾರ ಎಂದರ್ಥ. ಇಳಿದು, ಗಾಡಿಗೆ ಊರುಗೋಲು ಕೊಟ್ಟು, ಎರಡನ್ನೂ ಬಿಚ್ಚಿ ನೊಗಕ್ಕೇ ಕಟ್ಟಿದೆ. ಒಂದು ಹೊರೆ ಹುಲ್ಲನ್ನು ಕಾರಿನ ಬಾನೆಟ್ ಮೇಲೆ ಹರಡಿದೆ. ಎತ್ತುಗಳು ಬಾಯಿ ಹಾಕಿದವು.

"ಏಯ್, ಪೇಂಟ್ ಹೋಗುತ್ತೆ ಕಣ್ರೀ!"

"ಹಾರ್ನ್ ಮಾತ್ರ ಹೊಡೀಬ್ಯಾಡಿ. ಎತ್ತು ಬೆದರಿ ಕೊಂಬು ಆಡುಸ್‌ಬುಡ್ತವೆ."

ಎರಡನೇ ತುತ್ತಿಗೆಲ್ಲ ಕಾರು ಹಿಂದಕ್ಕೆ ನಡೆಯಲು ಕಲಿತಿತ್ತು. ಬಾನೆಟ್ ಮೇಲಿನ ಹುಲ್ಲೂ ಅದರ ಜೊತೆಗೇ ಹೋಯಿತು. ಹೋಗಲಿ ಬಿಡಿ, ಅರ್ಜೆಂಟಿನಲ್ಲಿ ಹೊರಟ ಮನುಷ್ಯ, ತಿಂಡಿ ತಿಂದಿರಲಿಲ್ಲವೇನೋ.